ವಾಡೆದಾಗ ನಮ್ಮ ಹನ್ನೆರಡು ಮಂದಿ ಖೋಲಿ

ಓದಾಕ ಕುಂತ ಅಕ್ಕಾರಿಗೆ, ಅಣ್ಣಾರಿಗೆ, ತಮ್ಮ-ತಂಗ್ಯಾರಿಗೆ ಎಲ್ಲಾರಿಗೂ ಶರಣ್ರಿ. ಶುರುವಿಗೇ ಒಂದು ಮಾತ ಹೇಳಿಬಿಡ್ತೀನಿ. ನಾ ಸಣ್ಣಾಂವ ಇದ್ದಾಗ ನಾಕನೇತ್ತಕ್ಕ ಶಾಳೆ ಬಿಟ್ಟಾಂವ. ಹತ್ತನೇತ್ತ ಪಾಸಾಗಿದ್ದು ಮೂವತ್ತಾರನೇ ವರ್ಷಕ್ಕ, ಇಲ್ಲೇ ಪುಣೆದಾಗ, ಕೆಲಸ ಬಿಟ್ಟ ಮ್ಯಾಲ ಸಂಜಿ ಶಾಳೆಗೆ ಹೋಗಿ, ಅದೂ ಮರಾಠಿ ಒಳಗ. ಕನ್ನಡ ಮಾತಾಡಾಕ ಎಷ್ಟ ಬೇಕಾದ್ರೂ ಬರ್ತದ, ಬರಿಯಾಕ ಕುಂತ್ರ ಒಂದೊಂದ ಅಕ್ಷರ ಹುಡುಕಬೇಕಾಗ್ತದ. ಫೋನಿನ್ಯಾಗ ಒಂದ ಬೆರಳಿಲೆ ಹೊಡ್ಯಾಕತ್ತೀನಿ. ಕಾಗುಣಿತ ತಪ್ಪಿದ್ರ, ಮಾತು ಹಿಂದ ಮುಂದ ಆಗಿದ್ರ, ಹೊಟ್ಟ್ಯಾಗ ಹಾಕ್ಕೋರಿ.

ನಾ ಫರಸಿ ಕೆಲಸದಾಂವ, ನೆಲಕ್ಕ ಕಲ್ಲು, ಟೈಲ್ಸ್ ಕೂಡಸಾಂವ. ಇಂಡಿ ಕಡೀಂದ ಬಂದು ಇಪ್ಪತ್ತೆಂಟು ವರ್ಷ ಆತು. ಮೊದಲ ಹದಿನೈದು ವರ್ಷ ಮೊಣಕಾಲ ಊರಿ ಟೈಲ್ಸ್ ಹಾಕ್ದೆ. ಈಗ ಹನ್ನೊಂದು ಮಂದಿ ಮಿಸ್ತ್ರಿಗಳನ್ನ ಕೂಡ್ಸಿಕೊಂಡು ಬಿಲ್ಡಿಂಗಿನ ಫರಸಿ ಕೆಲಸ ನೋಡ್ಕೋತೀನಿ. ಎಲ್ಲಾರೂ ನಮ್ಮ ಕಡೀದವ್ರ, ನನ್ನ ಕಾಕಾ ಅಂತಾರ. ಮನಿ ಧನಕವಡಿಯೊಳಗ. ಮನ್ಯಾಗ ನಾನು, ನಮ್ಮ ಮನ್ಯಾಕಿ, ಇಬ್ರ.

ನನಗ ಫೋನಿನ ಆಟದ ಹುಚ್ಚು ಹಿಡದಿದ್ದು ತಲಿ ಅರ್ಧಾ ಬೆಳ್ಳಗಾದ ಮ್ಯಾಲ. ಒಂದಿನ ಮಧ್ಯಾಹ್ನ ಊಟಕ್ಕ ಕುಂತಾಗ ಒಬ್ಬ ಮಿಸ್ತ್ರಿ ತನ್ನ ಫೋನ್ ತೋರ್ಸಿದ. ಅದರಾಗ ಒಂದು ಹಳೇ ವಾಡೆ. ನಮ್ಮ ಕಡೆ ದೇಸಾಯರ ವಾಡೆ ಇರ್ತಾವಲ್ಲ, ಕೈ ಚಾಚಿದ್ರೂ ಮುಗೀದಂಥಾ ದಪ್ಪನ ಗ್ವಾಡಿ, ನಡುವ ಅಂಗಳ, ಸುತ್ತ ಪಡಸಾಲಿ, ಹಂಗ. ಆ ವಾಡೆದಾಗ ಒಬ್ಬಾಕಿ ಹುಡಿಗಿ ಅಡ್ಡಾಡ್ತಾಳ. ಬೀಗ ಬಿದ್ದ ಖೋಲಿ ಒಂದೊಂದ ತಗೀತಾಳ, ಅಲ್ಲಿ ಯಾರಿದ್ರು, ಯಾಕ ಬಿಟ್ಟ ಹೋದ್ರು ಅಂತ ಹುಡುಕ್ತಾಳ. ಹೊಡದಾಟಿಲ್ಲ, ಗುಂಡು ಹಾರ್ಸೂದಿಲ್ಲ. ನಾವು ಬೆರಳಿಲೆ ಆಕಿನ್ನ ನಡಸೂದು ಅಷ್ಟ. ಕಲ್ಲಿನ ಮ್ಯಾಲ ನಡದ್ರ ಒಂದು ಸಪ್ಪಳ, ಕಟಗಿ ಅಟ್ಟದ ಮ್ಯಾಲ ನಡದ್ರ ಬ್ಯಾರೆ ಸಪ್ಪಳ. ನಾ ಆ ಸಪ್ಪಳ ಕೇಳೇ ಮರುಳಾದೆ. ರೊಟ್ಟಿ ಕೈಯಾಗ ಹಂಗ ಉಳೀತು.

ಅದು ಬರೇ ಎರಡ ಖೋಲಿ ಸ್ಯಾಂಪಲ್ ಇತ್ತು. ಪೂರಾ ಆಟ ಇನ್ನೂ ಆಗಿದ್ದಿಲ್ಲ. ಮಾಡಾಕಿ ಒಬ್ಬಾಕಿ ಹೆಣ್ಮಗಳು, ಮೈಸೂರ ಕಡೀದಾಕಿ, ಇಲ್ಲೇ ಪುಣೆದಾಗ ಇದ್ದ ನೌಕರಿ ಬಿಟ್ಟು ಒಬ್ಬಾಕಿನ ಕುಂತ ಮಾಡಾಕತ್ತಿದ್ಳು. ವಯಸ್ಸಿನ್ಯಾಗ ನನಗ ತಂಗಿ ಇದ್ದಂಗ, ಅದಕ್ಕ ಇಲ್ಲಿ ತಂಗಿ ಅಂತ ಬರೀತೀನಿ. ಆಕಿ ಒಂದು ಪೇಜ್ ಮಾಡಿದ್ಳು. ಸ್ಯಾಂಪಲ್ ಚಂದ ಅನಿಸಿದ್ರ ಮೊದಲ ಸ್ವಲ್ಪ ಸ್ವಲ್ಪ ರೊಕ್ಕ ಹಾಕ್ರಿ, ಬರೂ ಯುಗಾದಿ ಅನ್ನೂದ್ರಾಗ ಅರವತ್ತು ಖೋಲಿ ವಾಡೆ ಮಾಡಿ ಕೊಡ್ತೀನಿ ಅಂತ ಬರದಿದ್ಳು. ಹೆಚ್ಚು ಹಾಕಿದವ್ರಿಗೆ ಇನ್ನೂ ಒಂದು ಇತ್ತು: ಅವ್ರು ಹೇಳಿದಂಗ ಒಂದು ಖೋಲಿ ಮಾಡಿ ವಾಡೆದಾಗ ಸೇರಸ್ತೀನಿ ಅಂತ.

ನಮಗ ಇದು ಹೊಸಾದೇನಲ್ಲ. ಪುಣೆದಾಗ ಗಣಪತಿ ಹಬ್ಬಕ್ಕ ವರ್ಗಣಿ, ಅಂದ್ರ ಚಂದಾ, ಹಾಕಿ ಹಾಕಿ ನಮಗ ರೂಢಿ ಆಗ್ಯಾದ. ಮೂರ್ತಿ ಇನ್ನೂ ಮಣ್ಣಾಗ ಇರ್ತದ, ನಾವು ಪಾವತಿ ಚೀಟಿ ಹರಿಸಿಕೊಂಡಿರ್ತೀವಿ. ಆದ್ರೂ ಮಿಸ್ತ್ರಿಗಳು ಹಿಂದ ಮುಂದ ನೋಡಿದ್ರು.

"ಕಾಕಾ, ಕಣ್ಣಿಗೆ ಕಾಣದ ಮನೀಗೆ ರೊಕ್ಕ ಹಾಕೂದ?" ಅಂದ ಒಬ್ಬ.

"ಈ ಬಿಲ್ಡಿಂಗ್‌ನ್ಯಾಗ ಫ್ಲ್ಯಾಟ್ ತಗೊಂಡಾವ್ರು ಏನ್ ನೋಡಿ ಹಾಕ್ಯಾರ? ಕಾಗದದ ಮ್ಯಾಲಿನ ಚಿತ್ರ," ಅಂದೆ. "ನನ್ನ ಮಾತ ಮ್ಯಾಲ ಹಾಕ್ರಿ. ಆ ಖೋಲಿ ನಿಮಗ ತೋರಸೂದು ನನ್ನ ಜವಾಬ್ದಾರಿ."

ಈ ಮಾತು ನಾ ಯಾಕ ಆಡಿದೆನೋ ಏನೋ. ಆಡೇಬಿಟ್ಟೆ. ಹನ್ನೆರಡೂ ಮಂದಿ ಕೂಡಿ ಒಂದು ಖೋಲಿ ಹಿಡದ್ವಿ.

"ನಿಮ್ಮ ಖೋಲಿಯಲ್ಲಿ ಏನೇನು ಇರಬೇಕು ಬರೆದು ಕಳಿಸಿ" ಅಂತ ತಂಗಿ ಕೇಳಿದ್ಳು. ನಮ್ಮ ಹಣೇಬರಹ ಶುರುವಾಗಿದ್ದು ಅಲ್ಲೇ.

"ತೂಗುಮಂಚ ಬರೀರಿ ಕಾಕಾ," ಅಂದ ಒಬ್ಬ.

"ಬಾಜೂಕ ಗಿಳಿ ಪಂಜರ," ಅಂದ ಇನ್ನೊಬ್ಬ.

"ಗಿಳಿ ಮಾತಾಡಬೇಕಲೇ. ಸುಮ್ನ ಕುಂದ್ರೂ ಗಿಳಿ ತಗೊಂಡು ಏನ್ ಮಾಡ್ತಿ?"

"ಹಂಗಾರ ಮಾತಾಡೂ ಗಿಳಿ. ನಮ್ಮ ಭಾಷಾದಾಗ."

"ನಿನ್ನ ಭಾಷಾ ಗಿಳಿಗೆ ಕಲಸಿದ್ರ ಹೆಣ್ಣಮಕ್ಕಳು ಯಾರೂ ಆಟ ಆಡಂಗಿಲ್ಲ."

ಹಿಂಗ ಹೊಂಟಿತು ನೋಡ್ರಿ. ಹಾರ್ಮೋನಿಯಂ ಬಂತು, ಗ್ವಾಡಿಗೆ ಬಂದೂಕು ಬಂತು, ಜ್ವಾಳದ ಚೀಲ ಬಂದ್ವು, ಊಟದ ಡಬ್ಬಿ ತೂಗಹಾಕಾಕ ಗೂಟ ಬಂತು. ಎಲ್ಲಾ ಕೂಡಿ ನಲವತ್ತೊಂದು ಸಾಮಾನು. ಖೋಲಿ ಹತ್ತು ಫೂಟ್, ಹನ್ನೆರಡು ಫೂಟ್ ಇರಲಿ ಅಂತ ಅಳತಿ ನಾನ ಬರ್ದೆ. ಆ ಅಳತ್ಯಾಗ ನಲವತ್ತೊಂದು ಸಾಮಾನು ಹಿಡೀತಾವೋ ಇಲ್ಲೋ ಅಂತ ಒಬ್ರೂ ವಿಚಾರ ಮಾಡ್ಲಿಲ್ಲ. ಮಂದಿ ಮನ್ಯಾಗ ಒಂದು ಎಳಿ ಸಂದಿ ಬಿದ್ರ ಒದರ್ಯಾಡೂ ಮಂದಿ ನಾವು.

ಯುಗಾದಿ ಬಂತು, ಹೋತು. ಆಟ ಬರ್ಲಿಲ್ಲ. ತಂಗಿ ಪೇಜಿನ್ಯಾಗ ಕ್ಷಮಾ ಕೇಳಿ, ಮಳಿಗಾಲದಾಗ ಒಂದು ಕಚ್ಚಾ ಆಟ ಕಳಸ್ತೀನಿ, ರೊಕ್ಕ ಹಾಕಿದವ್ರು ಆಡಿ ಏನ್ ತಪ್ಪ ಅದ ಹೇಳ್ರಿ ಅಂತ ಬರದ್ಳು. ಹೇಳಿದಂಗ ಮಳಿಗಾಲದಾಗ ಹದಿನಾರು ಖೋಲಿ ಕಳಿಸಿದ್ಳು. ಈಗ ಬಂತು ನೋಡ್ರಿ ನಾ ಮಾಡಿದ ಘನಕಾರ್ಯ.

ನಮ್ಮ ಕೆಲಸದಾಗ ಒಂದು ರೂಢಿ ಅದ. ಫರಸಿ ಹಾಕಿ ಎರಡು ದಿನ ಬಿಟ್ಟು ನಾ ಒಂದು ಕಟಗಿ ಹಿಡಕೊಂಡು ಪ್ರತಿಯೊಂದು ಫರಸಿ ನಾಕೂ ಮೂಲಿ ಕುಟ್ಟತೀನಿ. ಕೆಳಗ ಸಿಮೆಂಟ್ ತುಂಬಿದ್ರ ಗಟ್ಟಿ ಸಪ್ಪಳ ಬರ್ತದ, ಪೊಳ್ಳಿದ್ರ ಡಬ್ ಅಂತದ. ಪೊಳ್ಳಿದ್ದಲ್ಲಿ ಚಾಕ್‌ಪೀಸಿಲೆ ದುಂಡಗ ಒಂದು ಗುರುತು ಹಾಕ್ತೀನಿ. ಮಿಸ್ತ್ರಿ ಬರ್ತಾನ, ಆ ಫರಸಿ ಎಬ್ಬಿಸಿ ಮತ್ತ ಕೂಡಸ್ತಾನ, ಅರಿವಿಲೆ ಗುರುತು ಒರಸ್ತಾನ, ಮುಗೀತು. ಯಾರೂ ಸಿಟ್ಟಾಗಂಗಿಲ್ಲ. ಗುರುತು ಬೀಳದ ಖೋಲಿ ಅಂದ್ರ ಅದನ್ನ ಯಾರೂ ನೋಡೇ ಇಲ್ಲ ಅಂತ ಅರ್ಥ.

ಇದೇ ರೂಢಿ ನಾ ಆಟಕ್ಕ ಹಚ್ಚಿದೆ. ಹದಿನಾರೂ ಖೋಲ್ಯಾಗ ಆಟದ ಹುಡಿಗಿನ್ನ ಗ್ವಾಡಿ ಗ್ವಾಡಿಗೆ ಹಾಯ್ಸಿದೆ, ಮೂಲಿ ಮೂಲಿ ನಡಸಿದೆ. ಏಳನೇ ಖೋಲ್ಯಾಗ ಬಾಗಲದ ಬಲಕ್ಕ ಆಕಿ ಗ್ವಾಡಿಯೊಳಗ ಅರ್ಧಾ ಹೊಕ್ಕಬಿಟ್ಳು. ಅಟ್ಟದ ಮ್ಯಾಲ ಕಟಗಿ ಸಪ್ಪಳದ ಬದ್ಲಿ ಕಲ್ಲಿನ ಸಪ್ಪಳ. ಬಾವಿ ಕಟ್ಟಿ ಬಾಜೂಕ ಒಂದು ಜಾಗಾದಾಗ ಕಾಲಿಟ್ರ ನೆಲದಾಗ ಇಳದು ಕೆಳಗ ಕೆಳಗ ಹೊಂಟೇಬಿಡ್ತಿದ್ಳು. ಖರೇನೋ ಏನೋ ಅಂತ ಹತ್ತ ಸಲ ಇಳಿಸಿದೆ.

ನಮ್ಮ ಮನ್ಯಾಕಿ ಹಿಂದ ನಿಂತು ನೋಡಾಕತ್ತಿದ್ಳು. "ಏನ್ರೀ, ಆ ಹುಡಿಗಿ ನಿಮಗೇನ್ ಮಾಡ್ಯಾಳ? ಬಿಡವಲ್ರಿ ಆಕಿನ್ನ."

"ತಪ್ಪ ಹುಡುಕಾಕತ್ತೀನಿ."

"ಮನ್ಯಾಗ ನಳ ಸೋರಾಕತ್ತು ಎಂಟ ದಿನಾ ಆತು. ಅದು ಕಾಣವಲ್ದು ನಿಮಗ."

ಎಂಟ ದಿನಾ ಕುಂತು ಅರವತ್ಮೂರು ತಪ್ಪು ಹುಡುಕಿದೆ. ಒಂದೊಂದಕ್ಕೂ ಫೋಟೋ ತಗದು, ಅದರ ಮ್ಯಾಲ ಕೆಂಪ ಬಣ್ಣದಾಗ ದುಂಡಗ ಗುರುತು ಹಾಕಿ, ಎಲ್ಲಾರಿಗೂ ಕಾಣೂ ಪೇಜಿನ್ಯಾಗ ಹಾಕ್ದೆ. ಮ್ಯಾಲ ಒಂದ ಸಾಲು: "ಇವಿಷ್ಟು ಪೊಳ್ಳ ಆವ. ತಗದು ಮತ್ತ ಕೂಡಸ್ರಿ." ನಮಸ್ಕಾರಿಲ್ಲ, ಚಂದ ಆಗ್ಯಾದ ಅಂತ ಒಂದ ಮಾತಿಲ್ಲ. ಸೈಟಿನ್ಯಾಗ ಚಾಕ್‌ಪೀಸಿಗೆ ಯಾರ ನಮಸ್ಕಾರ ಹಾಕ್ತಾರ? ನಾ ಖುಷಿಲೆ ಮಕ್ಕೊಂಡೆ. ತಂಗಿಗೆ ಭಾಳ ಉಪಯೋಗ ಆಗ್ತದ ಅಂತ ತಿಳದಿದ್ದೆ.

ಎರಡ ದಿನದಾಗ ಆ ಪೇಜು ಸಂತಿ ಆತು. ಹುಬ್ಬಳ್ಳಿ ಕಡೀದಾಂವ ಒಬ್ಬ ಇದ್ದ, ರೊಕ್ಕ ಹಾಕಿದಾಂವ, ಮಾತು ಭಾಳ ಖಾರ. ಅಂವ ಬರದ, "ನೋಡ್ರೆಪ, ಒಬ್ಬಾಂವಗೇ ಅರವತ್ಮೂರ ತಪ್ಪ ಕಂಡಾವ. ಇದು ಆಟಲ್ಲ, ನಮಗ ಹಾಕಿದ ಟೊಪಗಿ. ನಮ್ಮ ರೊಕ್ಕ ನಮಗ ಕೊಡ್ರಿ." ಅದರ ಕೆಳಗ ಒಬ್ಬರ ಮ್ಯಾಲೊಬ್ರು. ನನ್ನ ಕೆಂಪ ಗುರುತಿನ ಫೋಟೋ ತಗದ ತಗದ ಮತ್ತ ಮತ್ತ ಹಾಕಾಕತ್ತಿದ್ರು. ಒಬ್ಬಾಂವ ಹುಡಿಗಿ ಬಾವಿ ಬಾಜೂಕ ನೆಲದಾಗ ಮುಳುಗೂದನ್ನ, ನಮ್ಮ ರೊಕ್ಕನೂ ಹಿಂಗ ಹೋದ್ವು ಅಂತ ಬರದು ಹಾಕಿದ. ನಗಿ ಬಂತು, ಖರೇ ಹೇಳ್ತೀನಿ. ಆಮ್ಯಾಲ ನನ್ನ ಕೆಂಪ ಗುರುತು ಕಂಡು ಫೋನ್ ಕೆಳಗಿಟ್ಟೆ.

ನಾಕ ದಿನ ಬಿಟ್ಟು ತಂಗಿ ಎರಡ ಸಾಲು ಬರದ್ಳು. ಅರವತ್ತು ಖೋಲಿ ಆಗೂದಿಲ್ಲ, ಇಪ್ಪತ್ತಕ್ಕ ಇಳಸಬೇಕಂತೀನಿ, ಮಂದಿ ಹೇಳಿಸಿದ ಖೋಲಿ ಮಾಡೂದು ಕಷ್ಟ ಅದ ಅಂತ. ಅದರ ಮ್ಯಾಲ ಮೂರ ವಾರ ಮಾತ ಇಲ್ಲ.

ಸೈಟಿನ್ಯಾಗ ದಿನಾ ಒಂದ ಪ್ರಶ್ನಿ: "ಕಾಕಾ, ನಮ್ಮ ಖೋಲಿ?" ಕೇಳೂ ಧಾಟಿ ಮೊದಲ ಚಲೋ ಇತ್ತು. ಆಮ್ಯಾಲ ಒಬ್ಬಾಂವ ಚಾ ಕೊಡುವಾಗ ಅಂದ, "ಕಾಕಾನ ಮಾತಂದ್ರ ಪಕ್ಕಾ ಅಂತಿದ್ವಿ." ಹನ್ನೊಂದು ಮಂದಿ ನನ್ನ ಮಾತಿನ ಮ್ಯಾಲ ಊರ ಬಿಟ್ಟು ಬಂದಾರ. ನಾಳಿ ನಾ ಇನ್ನೊಂದು ಬಿಲ್ಡಿಂಗ್ ಹಿಡದು ಬರ್ರಿ ಅಂದ್ರ ಈ ಖೋಲಿ ನೆನಪಾಗ್ತದ ಅವ್ರಿಗೆ. ಖೋಲಿ ಕೆಡಿಸಿದಾಂವ ಯಾರು ಅಂದ್ರ ನಾನ. ಆ ಕೆಂಪ ಗುರುತು ಹಾಕದಿದ್ರ ಸಂತಿ ಆಗ್ತಿದ್ದಿಲ್ಲ.

ಮನ್ಯಾಕಿ ಮುಂದ ಹೇಳ್ದೆ. ಆಕಿ ಪೇಜಿನ್ಯಾಗ ನಾ ಬರದಿದ್ದನ್ನ ಓದಸ್ಕೊಂಡು ಕೇಳಿ, "ನಮ್ಮ ಮನೀಗೆ ಬೀಗರು ಬಂದು, ಕೂತು ನೀರ ಕುಡಿಯೂದ್ರಾಗ ಗ್ವಾಡ್ಯಾಗ ಅರವತ್ಮೂರ ಬಿರುಕ ಅದಾವ ಅಂದ್ರ ಹೆಂಗಾಗ್ತದ?" ಅಂದ್ಳು. "ಹೋಗಿ ಕಂಡು ಬರೂಣು. ಮೊದಲ ಕೇಳ್ರಿ, ಬರಬೇಕೋ ಬ್ಯಾಡೋ. ಹಂಗ ಹೋಗಿ ಬಾಗಲಾ ಬಡದ್ರ ಇನ್ನೂ ಅಂಜತಾಳ."

ತಂಗಿಗೆ ಒಂದು ಮೆಸೇಜ್ ಹಾಕ್ದೆ. ಅರವತ್ಮೂರು ಬರದಾಂವ ನಾನ, ಮನ್ಯಾಕಿನ್ನ ಕರಕೊಂಡು ಬಂದು ಮಾತಾಡಬೇಕಂತೀನಿ, ಬ್ಯಾಡ ಅಂದ್ರ ಬ್ಯಾಡ ಅಂತ. ಎರಡ ದಿನ ಉತ್ತರ ಇಲ್ಲ. ಮೂರನೇ ದಿನ ಬಂತು: "ಭಾನುವಾರ ಹನ್ನೊಂದಕ್ಕೆ ಬನ್ನಿ." ಕೆಳಗ ಶಿವಾಜಿನಗರದ ಒಂದು ವಿಳಾಸ.

ಐತವಾರ ಬಸ್ ಹತ್ತಿ ಹೋದ್ವಿ. ಮನ್ಯಾಕಿ ಒಂದು ಡಬ್ಬಿ ತುಂಬ ಗೋದಿ-ಬೆಲ್ಲದ ಮಾದಲಿ ಕಟಗೊಂಡಿದ್ಳು. ಕೋರ್ಟಿನ ಹಿಂದ ಒಂದು ಹಳೇ ಬಿಲ್ಡಿಂಗ್, ಕೆಳಗ ಝೆರಾಕ್ಸ್ ಅಂಗಡಿ, ಎರಡನೇ ಮಜಲಿನ್ಯಾಗ ಆಕಿ ಖೋಲಿ. ತಂಗಿ ಬಾಗಲಾ ತಗದ್ಳು. ಸಣ್ಣ ದೇಹ, ದಪ್ಪ ಚಷ್ಮಾ.

"ಬನ್ನಿ ಸರ್. ಬನ್ನಿ ಆಂಟಿ."

"ಆಂಟಿ ಅಂದ್ರ ನಾ ಹೊರಗೇ ನಿಂದರ್ತೀನಿ," ಅಂದ್ಳು ನಮ್ಮಾಕಿ. "ಅಕ್ಕಾ ಅನ್ನವ್ವ."

ತಂಗಿ ಬಾಗಲದಾಗ ನಿಂತೇ ನಕ್ಕಳು. "ಅಕ್ಕ, ಬನ್ನಿ." ಆಮ್ಯಾಲ ನನ್ನ ಕಡೆ ತಿರುಗಿ, "ಅರವತ್ಮೂರು ನೀವೇನಾ ಸರ್? ನಾನು ಯಾರೋ ಕಾಲೇಜ್ ಹುಡುಗ ಬೇಕಂತ ಟ್ರೋಲ್ ಮಾಡ್ತಿದಾನೆ ಅಂದ್ಕೊಂಡಿದ್ದೆ. ಇಷ್ಟು ವಯಸ್ಸಾದೋರು ಅಂತ ಗೊತ್ತಿರ್ಲಿಲ್ಲ."

"ವಯಸ್ಸ ಆಗ್ಯಾದವ್ವ, ಬುದ್ಧಿ ಇನ್ನೂ ಬಸ್ಸಿನ್ಯಾಗ ಬರಾಕತ್ತದ," ಅಂದ್ಳು ನಮ್ಮಾಕಿ.

ಕುಂತ್ವಿ. ಒಂದು ಟೇಬಲ್, ಎರಡು ಕಂಪ್ಯೂಟರ್, ಗ್ವಾಡಿ ತುಂಬ ವಾಡೆದ ನಕಾಶೆ. ನಾ ಕೈ ಮುಗದು, ತಪ್ಪಾತವ್ವ ಅಂದೆ. ಆಕಿ ಕೈ ಬೀಸಿದ್ಳು.

"ಸಾರಿ ಎಲ್ಲಾ ಬೇಡ ಸರ್. ನಂದು ಒಂದೇ ಪ್ರಶ್ನೆ. ನೀವು ದುಡ್ಡು ಹಾಕಿದ್ರಿ, ಸರಿ. ಅಷ್ಟಕ್ಕೆ ನಾನು ನಿಮ್ಮ ಲೇಬರಾ? ದಿನಾ ಹಾಜರಿ ಹಾಕ್ಬೇಕಾ?"

ಈ ಪ್ರಶ್ನಿಗೆ ನಾ ತಯಾರಿ ಮಾಡ್ಕೊಂಡು ಬಂದಿದ್ದಿಲ್ಲ. ಸುಮ್ನ ನಮ್ಮ ಸೈಟಿನ ಸುದ್ದಿ ಹೇಳ್ದೆ. "ನಮ್ಮಲ್ಲಿ ಐತವಾರಕ್ಕೊಮ್ಮೆ ಮನಿ ಬುಕ್ ಮಾಡಿದವ್ರು ಬರ್ತಾರವ್ವ. ಗ್ವಾಡಿ ಸುದ್ದ ಎದ್ದಿರೂದಿಲ್ಲ, ಇಲ್ಲಿ ಕಪಾಟು, ಇಲ್ಲಿ ದೇವರು ಅಂತ ಮಕ್ಕಳಿಗೆ ತೋರಸ್ಕೋತ ಅಡ್ಡಾಡ್ತಾರ. ಅವ್ರು ನನಗ ಮಾಲಕ್ರಲ್ಲ, ನಾ ಅವ್ರ ಲೇಬರಲ್ಲ. ಆದ್ರ ಅವ್ರು ಬಂದಾಗ ನಾ ಒಳಗಿಂದ ಚಿಲಕ ಹಾಕ್ಕೊಂಡು ಕುಂತ್ರ ಒಳಗ ಏನೋ ಬಿದ್ದಾದ ಅಂತಾರ. ಇದು ಆಗ್ಯಾದ್ರಿ, ಇದು ಆಗಿಲ್ರಿ ಅಂತ ಬಾಗಲದಾಗ ನಿಂತ ಹೇಳಿದ್ರ ಅರ್ಧಾ ಮಂದಿ ಸುಮ್ನ ಮನೀಗೆ ಹೋಗ್ತಾರ."

"ಇನ್ನರ್ಧ ಜನ?"

"ಒದರ್ತಾರ. ಚಾ ಕೊಡ್ತೀವಿ. ಕುಡದು ಹೋಗ್ತಾರ."

ಆಕಿ ಮತ್ತ ನಕ್ಕಳು. ಕಂಪ್ಯೂಟರ್ ಕಡೆ ತಿರುಗಿ ನನ್ನ ಲಿಸ್ಟ್ ತಗದ್ಳು. "ಇದ್ರಲ್ಲಿ ನಲವತ್ತು ಆಗ್ಲೇ ಮುಗಿಸಿದೀನಿ ಸರ್. ಯಾರಿಗೂ ಗೊತ್ತಿಲ್ಲ. ಆ ಕೆಂಪು ರಿಂಗ್ ಮಾತ್ರ ಎಲ್ರಿಗೂ ಕಾಣ್ಸುತ್ತೆ."

ಅಲ್ಲಿ ನನಗ ತಿಳೀತು ನಾ ಎಲ್ಲಿ ಎಡವಿದೆ ಅಂತ. ಸೈಟಿನ್ಯಾಗ ಚಾಕ್‌ಪೀಸಿನ ಗುರುತು ಸಂಜಿಕ ಒರಸಿ ಹೋಗ್ತದ. ನೋಡೂದು ನಾನು, ಮಿಸ್ತ್ರಿ, ಇಬ್ರ. ಇಲ್ಲಿ ನಾ ಊರ ಮಂದಿ ಮುಂದ ಗುರುತು ಹಾಕಿದ್ದೆ, ಒರಸಾಕ ಆಕಿ ಕೈಯಾಗ ಅರಿವಿ ಕೊಟ್ಟಿದ್ದಿಲ್ಲ.

"ನಾನ ಒರಸ್ತೀನಿ," ಅಂದೆ. "ಯಾವ್ಯಾವು ಮುಗದಾವ ಕೊಡು. ಮತ್ತ ಹೋಗಿ ಕುಟ್ಟಿ ನೋಡ್ತೀನಿ. ಸರಿ ಆಗಿದ್ದು ಸರಿ ಆಗ್ಯಾದ ಅಂತ ಅದೇ ಪೇಜಿನ್ಯಾಗ ನನ್ನ ಹೆಸರಿಲೆ ಬರೀತೀನಿ. ನೀನು ಶನಿವಾರಕ್ಕೊಮ್ಮೆ ಮೂರ ಸಾಲು ಬರಿ. ಈ ವಾರ ಆಗಿದ್ದು, ಆಗದ ಉಳದದ್ದು, ಎಂದಿಗೂ ಆಗದಿದ್ದು."

"ಮೂರನೇದು ಬರೆದ್ರೆ ಕಿತ್ತು ತಿಂತಾರೆ ಸರ್. ಒಬ್ಬೊಬ್ರಿಗೂ ಪ್ರಾಮಿಸ್ ಮಾಡಿದೀನಿ. ಅದು ನಂದೇ ತಪ್ಪು, ಕೇಳಿದ್ದಕ್ಕೆಲ್ಲಾ ಹೂಂ ಅಂದೆ." ಆಕಿ ಒಂದು ಕಾಗದ ತಗದ್ಳು. ನಮ್ಮದ ಅದು. "ಮಾತಾಡುವ ಗಿಳಿ, ನಮ್ಮ ಭಾಷೆಯಲ್ಲಿ. ಈ ಗಿಳಿ ಒಂದಕ್ಕೇ ಎರಡು ವಾರ ಬೇಕು ಸರ್. ಬಂದೂಕು ಯಾಕೆ?"

"ಗ್ವಾಡಿ ಬರಿದ ಕಾಣ್ತಿತ್ತಂತ," ಅಂದೆ. ಹೇಳೂವಾಗ ನನಗ ನಾಚಿಕಿ ಬಂತು.

"ಒಂದು ಖೋಲಿಗೆ ನಾನು ಒಂದು ವಾರ ಕೊಡಬಹುದು. ಅದಕ್ಕಿಂತ ಹೆಚ್ಚು ಆದ್ರೆ ಆಟ ಯಾವತ್ತೂ ಮುಗಿಯಲ್ಲ."

"ಹಂಗಾರ ಮೂರನೇ ಸಾಲಿನ್ಯಾಗ ಮೊದಲ ನಮ್ಮದ ಬರಿ," ಅಂದೆ. "ನಲವತ್ತೊಂದು ಆಗೂದಿಲ್ಲ ಅಂತ. ನಾ ನಮ್ಮ ಮಂದೀಗಿ ಹೇಳ್ತೀನಿ. ಒಂದ ವಾರದಾಗ ಆಗೂವಂಥಾದ್ದು ಕೇಳಿ ತರ್ತೀನಿ."

ಅವ್ರು ಒಪ್ಪದಿದ್ರ ರೊಕ್ಕ ಹೊಳ್ಳಿ ಕೊಡ್ತೀಯೇನು ಅಂತನೂ ಕೇಳ್ದೆ, ಆಕಿ ಹೂಂ ಅಂದ್ಳು. ನಮ್ಮಾಕಿ ಅಷ್ಟರಾಗ ಮಾದಲಿ ಡಬ್ಬಿ ಬಿಚ್ಚಿದ್ಳು. ತಂಗಿ ಒಣಾ ಮಾದಲಿ ಚಮಚೆಲೆ ತಿನ್ನಾಕ ಹೋಗಿ ಕೆಮ್ಮು ಹತ್ತಿಸಿಕೊಂಡ್ಳು. "ಹಾಲು ಹಾಕ್ಕೊಬೇಕವ್ವ, ತುಪ್ಪ ಹಾಕ್ಕೊಬೇಕು," ಅಂತ ನಮ್ಮಾಕಿ ಎದ್ದು ಆಕಿ ಅಡಗಿ ಕಟ್ಟಿಗೇ ಹೋದ್ಳು. ಸ್ವಲ್ಪ ಹೊತ್ತಿನ್ಯಾಗ ನನ್ನ ಬಿಟ್ಟು ಅವ್ರಿಬ್ರ ಮಾತು ಶುರುವಾತು.

ಮರುದಿನ ಊಟದ ಹೊತ್ತಿಗೆ ಮಿಸ್ತ್ರಿಗಳ ಮುಂದ ಎಲ್ಲಾ ಹೇಳ್ದೆ. ಗುರುತು ಹಾಕಿ ಕೆಡಸಿದ್ದು ನಾನ, ನಲವತ್ತೊಂದು ಬಿಟ್ಟು ಬಂದದ್ದೂ ನಾನ ಅಂತ. ಮುಚ್ಚಿಡಲಿಲ್ಲ.

"ಗಿಳಿನೂ ಹೋತ?" ಅಂದ ಗಿಳಿ ಕೇಳಿದಾಂವ.

"ಹೋತು."

"ಕಾಕಾ, ನಮ್ಮನ್ನ ಕೇಳದ ಹೆಂಗ ಬಿಟ್ಟ ಬಂದ್ರಿ? ನಿಮ್ಮ ಒಬ್ರ ಖೋಲಿ ಏನದು?"

ಅಂವ ಕೇಳಿದ್ದು ಖರೇನ ಇತ್ತು. "ನಿಂದ ಬರೋಬ್ಬರಿ ಅದ," ಅಂದೆ. "ಬ್ಯಾಡ ಅಂದ್ರ ಆಕಿ ನಮ್ಮ ವರ್ಗಣಿ ಹೊಳ್ಳಿ ಕೊಡ್ತಾಳ. ಅದನ್ನೂ ಕೇಳೀನಿ. ಏನ್ ಮಾಡೂಣು ನೀವ ಹೇಳ್ರಿ."

ಯಾರೂ ಹೊಳ್ಳಿ ತಗೋಳೂಣು ಅನಲಿಲ್ಲ. ಆದ್ರ ತಾಸೊತ್ತು ಜಗಳ ಆತು, ಏನ್ ಇಡಬೇಕು, ಏನ್ ಬಿಡಬೇಕು ಅಂತ. ತೂಗುಮಂಚದಾಂವ ತೂಗುಮಂಚ ಬಿಡವಲ್ಲ. ನಮ್ಮಾಗ ಎಲ್ಲಾರಿಗಿಂತ ಹಿರಿ ಮಿಸ್ತ್ರಿ ಒಬ್ಬಾಂವ ಇದ್ದಾನ, ಮಾತು ಕಡಿಮಿ. ಅಂವ ಕೈ ತೊಳಕೊಂಡು ಬಂದು ಅಂದ:

"ಇಷ್ಟ ವರ್ಷ ಫರಸಿ ಹಾಕೀನಿ. ಮಾಲಕ ಬಂದ ಮರುದಿನ ಜಮಖಾನಿ ಹಾಸ್ತಾನ, ಮಂಚ ತಂದಿಡ್ತಾನ. ನಾ ಹಾಕಿದ್ದು ಯಾರ ನೋಡ್ಯಾರ? ನಾನೂ ಹೊಳ್ಳಿ ಹೋಗಿ ನೋಡಿಲ್ಲ, ವಾಚಮನ್ ಒಳಗ ಬಿಡೂದಿಲ್ಲ. ಏನೂ ಇಡಬ್ಯಾಡ್ರಿ. ಖಾಲಿ ಬಿಡಸ್ರಿ. ಬರೇ ಫರಸಿ."

ತೂಗುಮಂಚದಾಂವ ಸುದ್ದ ಹೂಂ ಅಂದ. ಗಿಳಿಯಾಂವ ಅಷ್ಟ, "ಖಾಲಿ ಖೋಲ್ಯಾಗ ಗಿಳಿ ಇನ್ನೂ ಚಂದ ಕಾಣ್ತಿತ್ತು," ಅಂತ ಗೊಣಗಿದ.

ಆಮ್ಯಾಲ ಜಗಳ ಮತ್ತ ಶುರು, ಫರಸಿ ಹೆಂಗ ಹಾಕಬೇಕು ಅಂತ. ಇದು ಚಲೋ ಜಗಳ. ಬಾರ್ಡರ್ ಕರೇದೋ ಕೆಂಪೋ, ನಡುವ ಹೂವೋ ಚೌಕೋ. ಬಾಯಿಲೆ ಹೇಳಿದ್ರ ತಿಳೀವಲ್ದು ಅಂತ, ಕೆಲಸ ಬಿಟ್ಟ ಮ್ಯಾಲ ಪಾರ್ಕಿಂಗ್‌ನ ಖಾಲಿ ಬಯಲ ಜಾಗಾದಾಗ ಉಳದ ಟೈಲ್ಸ್ ತುಂಡು ತಂದು ಸಿಮೆಂಟ್ ಇಲ್ಲದ ಹಂಗ ಜೋಡಸಾಕತ್ತಿದ್ರು. ಬಿಲ್ಡರ್‌ನ ಮನಷ್ಯಾನ್ನ ಕೇಳಿ ತುಂಡು ತಗೊಂಡಿದ್ವಿ, ಅದನ್ನೂ ಹೇಳಿಬಿಡ್ತೀನಿ. ಒಂದ ವಾರ ದಿನಾ ಸಂಜಿಕ ಅರ್ಧ ತಾಸು. ಒಬ್ಬ ಜೋಡಸ್ತಿದ್ದ, ಇನ್ನೊಬ್ಬ ಕೆಡಸ್ತಿದ್ದ. ಕಡೀಕ ಹತ್ತು ಫೂಟ್, ಹನ್ನೆರಡು ಫೂಟ್ ಪೂರಾ ಆತು: ಸುತ್ತ ಕರೇ ಪಟ್ಟಿ, ಅದರೊಳಗ ಕಾವಿ ಬಣ್ಣ, ನಡುವ ಹನ್ನೆರಡು ಎಸಳಿನ ಒಂದು ಹೂವು. ನಾ ಮೊದಲ ಮಜಲಿಗೆ ಹತ್ತಿ ಮ್ಯಾಲಿಂದ ಫೋಟೋ ತಗದು ತಂಗಿಗೆ ಕಳಿಸಿದೆ.

ಆಕಿ ಫೋನ್ ಮಾಡಿದ್ಳು. "ಸರ್, ಇದನ್ನ ನಾನು ಡ್ರಾ ಮಾಡೋದೇ ಬೇಡ. ಈ ಫೋಟೋನೇ ನೆಲಕ್ಕೆ ಹಾಕ್ತೀನಿ. ಮೂರೇ ದಿನದ ಕೆಲಸ." ಆಮ್ಯಾಲ, "ಇದು ನೀವೇ ಮಾಡಿದ್ದಾ?" ಅಂದ್ಳು. ನಾ ಫೋನ್ ಸ್ಪೀಕರಿಗೆ ಹಾಕಿದ್ದೆ. ಎಲ್ಲಾರೂ ಕೇಳಿದ್ರು.

ಆ ಶನಿವಾರ ತಂಗಿ ಪೇಜಿನ್ಯಾಗ ಮೂರ ಸಾಲಿನ ಮೊದಲ ವರದಿ ಹಾಕಿದ್ಳು. ಆಗದಿದ್ದರ ಸಾಲಿನ್ಯಾಗ ಎಲ್ಲಾಕಿಂತ ಮ್ಯಾಲ ನಮ್ಮದು: "ಹನ್ನೆರಡು ಟೈಲ್ಸ್ ಮಿಸ್ತ್ರಿಗಳ ಖೋಲಿ. ಕೇಳಿದ ನಲವತ್ತೊಂದರಲ್ಲಿ ಒಂದೂ ಆಗಲ್ಲ. ನೆಲ ಮಾತ್ರ. ಅವರು ಒಪ್ಪಿದ್ದಾರೆ." ಅದರ ಕೆಳಗ ನಾ ನನ್ನ ಅರವತ್ಮೂರರಾಗ ನಲವತ್ತು ಮತ್ತ ಕುಟ್ಟಿ ನೋಡೀನಿ, ಮೂವತ್ತೆಂಟು ಗಟ್ಟಿ ಆಗ್ಯಾವ, ಎರಡು ಇನ್ನೂ ಪೊಳ್ಳ ಆವ ಅಂತ ಬರ್ದೆ. ಈ ಸಲ ಮೊದಲ ನಮಸ್ಕಾರ ಹಾಕಿ, ವಾಡೆ ಚಂದ ಆಗಾಕತ್ತದ ಅಂತ ಬರದು, ಆಮ್ಯಾಲ.

ಹುಬ್ಬಳ್ಳಿಯಾಂವ ಬಿಡಲಿಲ್ಲ. "ಹನ್ನೆರಡು ಮಂದಿ ಕೂಡಿ ಖಾಲಿ ಖೋಲಿ ತಗೊಂಡಿರೇನ್ರಿ? ನಿಮ್ಮಂಥಾ ಗಿರಾಕಿ ನಮ್ಮ ಅಂಗಡೀಗೂ ಬರ್ಲಿ," ಅಂತ ಬರದ. ಸೈಟಿನ್ಯಾಗ ಎಲ್ಲಾರೂ ಓದಿ ಹೊಟ್ಟಿ ಹಿಡಕೊಂಡು ನಕ್ಕರು. ಅಂವ ತನ್ನ ರೊಕ್ಕ ಕೇಳಿದ, ತಂಗಿ ಕೊಟ್ಳು. ಇನ್ನೂ ಐದಾರು ಮಂದೀಗಿ ಕೊಟ್ಳು. ಅವ್ರದು ತಪ್ಪಂತ ನಾ ಅನ್ನಂಗಿಲ್ಲ. ಹೇಳಿದ ವ್ಯಾಳ್ಯಾಕ ಆಗ್ಲಿಲ್ಲ, ಕೇಳಿದ್ರು. ಉಳದವ್ರು ಬರಬರತಾ ತಮ್ಮ ಖೋಲಿ ಲಿಸ್ಟ್ ತಾವ ಸಣ್ಣದ ಮಾಡಾಕತ್ತಿದ್ರು. ಒಬ್ಬಾಕಿ ತನ್ನ ಖೋಲ್ಯಾಗಿನ ಏಳು ಕಪಾಟು ಬಿಟ್ಟು ಒಂದ ಕಿಡಕಿ ಸಾಕಂದ್ಳು.

ಶನಿವಾರ ತಪ್ಪಲಿಲ್ಲ. ಒಂದೆರಡ ವಾರ ಆಕಿ, "ಈ ವಾರ ಜ್ವರ, ಏನೂ ಆಗಿಲ್ಲ" ಅಂತ ಬರದ್ಳು. ಅದಕ್ಕ ಯಾರೂ ಒದರಲಿಲ್ಲ. ನಮ್ಮಾಕಿ ಅಷ್ಟ ಬಸ್ ಹತ್ತಿ ಗಂಜಿ ಕೊಟ್ಟ ಬಂದ್ಳು. ಅದು ಎಲ್ಲಾರಿಗೂ ಸಿಗೂ ಸವಲತ್ತಲ್ಲ.

ಆಟ ಹೊರಗ ಬಂದಿದ್ದು ಈ ವರ್ಷ ಗಣಪತಿ ಕಳಿಸಿದ ಮ್ಯಾಲ, ಹೇಳಿದ್ದಕ್ಕಿಂತ ಒಂದೂವರಿ ವರ್ಷ ತಡಾ. ಅರವತ್ತಲ್ಲ, ಆದ್ರ ಮಂದಿ ಲಿಸ್ಟ್ ಸಣ್ಣವಾಗಿದ್ದಕ್ಕ ಇಪ್ಪತ್ತೂ ಅಲ್ಲ, ಮೂವತ್ತೆರಡು ಖೋಲಿ. ನಮ್ಮದು ಇಪ್ಪತ್ತೊಂದನೇದು, ಅಂಗಳದ ಮೂಲಿಗೆ ಒಂದು ಗಿಡ್ಡ ಬಾಗಲಾ. ಅಲ್ಲೀಮಟಾ ಹೋಗಾಕ ಬೀಗ ತಗೀಬೇಕು, ಅದಕ್ಕ ನನಗ ನಾಕ ದಿನ ಹಿಡೀತು. ಐದನೇ ದಿನ ಮಧ್ಯಾಹ್ನ ಎಲ್ಲಾರನ್ನೂ ಕೂಡ್ಸಿ ಬಾಗಲಾ ತಗದೆ. ಹನ್ನೆರಡು ತಲಿ ಒಂದ ಫೋನಿನ ಮ್ಯಾಲ.

ಒಳಗ ಏನೂ ಇಲ್ಲ. ಮ್ಯಾಲಿನ ಕಿಡಕಿಯಾಗಿಂದ ಬಿಸಲು ಬಿದ್ದಿತ್ತು, ಬಿಸಲಾಗ ನಮ್ಮ ಹೂವು.

"ಹೂವಿನ ಬಣ್ಣ ಸ್ವಲ್ಪ ಕಪ್ಪಾಗ್ಯಾದ," ಅಂದ ಒಬ್ಬ.

"ನಿನ್ನ ಫೋನ್ ಒರಸ್ಕೋ ಮೊದಲ," ಅಂದ ಇನ್ನೊಬ್ಬ. ಫೋನ್ ನಂದಿತ್ತು.

ಹಿರಿ ಮಿಸ್ತ್ರಿ ಫೋನ್ ಇಸಗೊಂಡ. ಅಂವ ಹಿಂದೆಂದೂ ಆಟ ಆಡಿದಾಂವಲ್ಲ. ಹೆಬ್ಬಟ್ಟಿಲೆ ಹುಡಿಗಿನ್ನ ಗ್ವಾಡಿ ಗುಂಟ ನಿಧಾನಕ ನಡಸ್ದ, ನಾಕೂ ಮೂಲಿಗೆ ಹೋಗಿ ನಿಂದರಿಸಿದ, ನಡುವ ಹೂವಿನ ಮ್ಯಾಲ ತಂದು ಒಂದ ಸುತ್ತ ತಿರುಗಿಸಿದ. ನಮ್ಮ ಊಟಾ ಆರಾಕತ್ತಿತ್ತು. ಯಾರೂ ಅವಸರ ಮಾಡ್ಲಿಲ್ಲ.

"ಹೂಂ," ಅಂದ ಕಡೀಕ, ಫೋನ್ ನನ್ನ ಕೈಯಾಗ ಕೊಟ್ಟು. "ಪಾಸ್. ಕಾಕಾ, ಮುಂದಿನ ಬಿಲ್ಡಿಂಗ್ ಎಲ್ಲಿ ಹಿಡದೀರಿ?"

ದೇಹೂ ರೋಡ್ ಕಡೆ ಅಂತ ಹೇಳ್ದೆ. ದೂರಾತು ಅಂತ ಗೊಣಗಿದ್ರು, ಆದ್ರ ಹನ್ನೊಂದೂ ಮಂದಿ ಬರ್ತೀವಿ ಅಂದ್ರು. ಗಿಳಿಯಾಂವ ಸುದ್ದ.

ಓದಿದವ್ರಾಗ ಯಾರರೆ ಹಿಂಗ ಒಂದು ಆಟಕ್ಕೋ, ಪುಸ್ತಕಕ್ಕೋ, ಹಾಡಿಗೋ ಮೊದಲ ರೊಕ್ಕ ಹಾಕಿ ದಾರಿ ಕಾದಿರಬಹುದು. ಇಲ್ಲಾ ಮಂದಿ ಕಡೆ ತಗೊಂಡು ಮಾಡಾಕ ಕುಂತು ಕೈ ಸೋತಿರಬಹುದು. ಏನ್ ಕೇಳಿದ್ರಿ, ಏನ್ ಸಿಕ್ಕಿತು, ಜಗಳ ಆತೋ ನಕ್ಕ ಬಿಟ್ಟಿರೋ, ಕೆಳಗ ಬರದ ತಿಳಸ್ರಿ. ಉದ್ದ ಬರದ್ರೂ ನಡೀತದ. ನಾ ಓದೂದೂ ಬರದಷ್ಟ ನಿಧಾನ, ಆದ್ರ ಒಂದೂ ಬಿಡದ ಓದ್ತೀನಿ.